ಗಿನಿಪಿಗ್‌ಗೆ ಲಂಘನ ಔಷಧವಲ್ಲ

ಹೊಟ್ಟೆ ಕೆಟ್ಟರೆ ಒಂದು ಹೊತ್ತು ಉಪವಾಸ ಇರಬೇಕೆಂಬುದು ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನಿಸದ ಮಾತು. 'ಲಂಘನಂ ಪರಮೌಷಧಂ' ಎಂಬ ಉಕ್ತಿಯನ್ನು ಎಂದೂ ಕೇಳದವರೂ ಅದನ್ನು ಪಾಲಿಸುತ್ತಾರೆ. ಮನುಷ್ಯರ ಮಟ್ಟಿಗೆ ಇದರಲ್ಲಿ ಹುರುಳಿದೆ. ಅಜೀರ್ಣವಾದ ರಾತ್ರಿ ಊಟ ಬಿಟ್ಟು ಮಜ್ಜಿಗೆ ಕುಡಿದು ಮಲಗಿದವರು ಬೆಳಗಾಗುವಷ್ಟರಲ್ಲಿ ಸುಧಾರಿಸಿಕೊಂಡಿರುತ್ತಾರೆ. ಇದೇ ಉಪಚಾರವನ್ನು ಗಿನಿಪಿಗ್‌ಗೆ ಮಾಡಿದರೆ ಅದು ಸಾಯುವ ಸಂಭವವೇ ಹೆಚ್ಚು. ಕಲಬುರಗಿಯ ಮನೆಗಳಲ್ಲಿ ಈಗ ಗಿನಿಪಿಗ್ ಅಪರೂಪವಲ್ಲ. ಬಣ್ಣದ ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿಯಿಂದಲೇ ಮಕ್ಕಳು ಹಠ ಹಿಡಿದು ತರಿಸಿಕೊಳ್ಳುತ್ತಾರೆ. ಬೆಳಿಗ್ಗೆ ಕೂಗಾಡುತ್ತ ಓಡಾಡಿಕೊಂಡಿದ್ದ ಪ್ರಾಣಿ ಸಂಜೆಗೆ ಮೂಲೆ ಹಿಡಿದು, ಮರುದಿನ ಸತ್ತುಹೋದಾಗ "ಅದಕ್ಕ ನದರ ಆಗಿತ್ತು" ಎಂದು ಸಮಾಧಾನ ಮಾಡಿಕೊಳ್ಳುವುದನ್ನು ನಾನು ಹಲವು ಮನೆಗಳಲ್ಲಿ ಕೇಳಿದ್ದೇನೆ. ಆ ಸಾವಿಗೆ ಕಾರಣವಿರುತ್ತದೆ, ಮತ್ತು ಎಷ್ಟೋ ಸಲ ಅದನ್ನು ತಡೆಯಲು ಸಮಯವೂ ಇರುತ್ತದೆ. ಆ ಸಮಯವನ್ನು ಉಪವಾಸ ಕೆಡವಿ ಕಳೆದುಬಿಡುತ್ತೇವೆ ಎಂಬುದೇ ನನ್ನ ಸಂಕಟ.

ಗಿನಿಪಿಗ್ ಹುಲ್ಲು ತಿಂದು ಬದುಕುವ ಪ್ರಾಣಿ. ಆದರೆ ಹುಲ್ಲಿನಲ್ಲಿರುವ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಅದರ ದೇಹದಲ್ಲಿ ತಯಾರಾಗುವುದಿಲ್ಲ. ಎತ್ತು, ಎಮ್ಮೆಗಳ ದೇಹದಲ್ಲಿಯೂ ತಯಾರಾಗುವುದಿಲ್ಲ. ಆ ಕೆಲಸವನ್ನು ಸೂಕ್ಷ್ಮಜೀವಿಗಳೇ ಮಾಡಿಕೊಡಬೇಕು. ದನ, ಕುರಿಗಳು ಈ ಸೂಕ್ಷ್ಮಜೀವಿಗಳನ್ನು ಜೀರ್ಣಾಂಗದ ಮುಂಭಾಗದಲ್ಲಿ, ರೂಮೆನ್ ಎಂಬ ದೊಡ್ಡ ಕೋಣೆಯಲ್ಲಿ ಸಾಕಿಕೊಂಡಿವೆ. ಕುದುರೆ, ಮೊಲ, ಗಿನಿಪಿಗ್‌ಗಳು ಹಿಂಭಾಗದಲ್ಲಿ, ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವಲ್ಲಿರುವ ಸೀಕಮ್ ಎಂಬ ಚೀಲದಲ್ಲಿ ಸಾಕಿಕೊಂಡಿವೆ. ನಮ್ಮ ಸೀಕಮ್ ಚಿಕ್ಕದು. ಅಪೆಂಡಿಕ್ಸ್ ಜೋತುಬಿದ್ದಿರುವ ಜಾಗ ಎಂದಷ್ಟೇ ಅದರ ನೆನಪಾಗುತ್ತದೆ. ಗಿನಿಪಿಗ್‌ನಲ್ಲಾದರೋ ಜೀರ್ಣಾಂಗದೊಳಗಿನ ಒಟ್ಟು ಪದಾರ್ಥದ ಸುಮಾರು 65 ಪ್ರತಿಶತದವರೆಗೆ ಆ ಒಂದೇ ಚೀಲದಲ್ಲಿರುತ್ತದೆ. ತಿಂದದ್ದು ಜಠರದಿಂದ ಎರಡು ಗಂಟೆಯೊಳಗೆ ಖಾಲಿಯಾಗುತ್ತದೆ. ಬಾಯಿಯಿಂದ ಹೊರಟು ಹಿಕ್ಕೆಯಾಗಿ ಹೊರಬೀಳಲು ಸರಾಸರಿ 20 ಗಂಟೆ ಹಿಡಿಯುತ್ತದೆ. ಈ ಅವಧಿಯ ಬಹುಪಾಲು ಕಳೆಯುವುದು ಸೀಕಮ್‌ನಲ್ಲಿಯೇ.

ಹಳ್ಳಿಯ ಮನೆಯಲ್ಲಿ ಗೋಬರ್ ಗ್ಯಾಸ್ ತೊಟ್ಟಿಯನ್ನು ನಡೆಸಿದವರಿಗೆ ಸೀಕಮ್ ಅರ್ಥವಾಗುವುದು ಸುಲಭ. ತೊಟ್ಟಿಗೆ ದಿನವೂ ಸೆಗಣಿಯನ್ನು ನೀರಿನಲ್ಲಿ ಕಲಸಿ ಸುರಿಯಬೇಕು. ಹೊಸದು ಒಳಗೆ ಹೋದಷ್ಟೇ ಹಳೆಯದು ಇನ್ನೊಂದು ಬದಿಯಿಂದ ಹೊರಬರುತ್ತದೆ. ನಾಲ್ಕು ದಿನ ಸುರಿಯದೆ ಬಿಟ್ಟರೆ ಒಳಗಿನ ಸೂಕ್ಷ್ಮಜೀವಿಗಳು ಹಸಿದು ಸೊರಗುತ್ತವೆ. ಸೆಗಣಿಯ ಬದಲು ಮದುವೆಮನೆಯಲ್ಲಿ ಉಳಿದ ಅನ್ನವನ್ನು ಒಮ್ಮೆಗೇ ಸುರಿದರೆ ತೊಟ್ಟಿ ಹುಳಿಯಾಗಿ, ಕೆಲಸ ಮಾಡಬೇಕಾದ ಜೀವಿಗಳು ಸತ್ತು, ಬೇಡದವು ಹೆಚ್ಚುತ್ತವೆ. ಸೀಕಮ್‌ಗೂ ಇವೇ ಎರಡು ಅಪಾಯಗಳು: ಒಳಹರಿವು ನಿಲ್ಲುವುದು, ಒಳಗೆ ತಪ್ಪು ಪದಾರ್ಥ ಬೀಳುವುದು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ತೊಟ್ಟಿಯ ಗ್ಯಾಸ್ ಹೊರಗೆ ಹೋಗಲು ಒಲೆಯವರೆಗೆ ಕೊಳವೆಯಿದೆ. ಕರುಳಿನ ಗ್ಯಾಸ್‌ಗೆ ಅಂಥ ಕೊಳವೆಯಿಲ್ಲ, ಕರುಳು ಚಲಿಸಿದರೆ ಮಾತ್ರ ಅದು ಮುಂದೆ ಸಾಗುತ್ತದೆ. ಕರುಳನ್ನು ಚಲಿಸುವಂತೆ ಮಾಡುವುದು ಒಂದರ ಹಿಂದೊಂದು ಬರುವ ಹುಲ್ಲಿನ ಒರಟು ನಾರು. ಹೀಗಾಗಿ ಗಿನಿಪಿಗ್ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರುತ್ತದೆ. ಸೀಕಮ್‌ನಿಂದ ಬರುವ ಮೆತ್ತನೆಯ ಹಿಕ್ಕೆಯನ್ನು ಅದು ಬಾಗಿ ನೇರವಾಗಿ ತಿಂದುಬಿಡುವುದೂ ಉಂಟು. ಸೂಕ್ಷ್ಮಜೀವಿಗಳು ತಯಾರಿಸಿದ ಪ್ರೋಟೀನು, ಬಿ ವಿಟಮಿನ್‌ಗಳು ಅದರಲ್ಲಿರುತ್ತವೆ. ಇದು ರೋಗವಲ್ಲ, ಮಕ್ಕಳು ಹೇಸಿಗೆಯೆಂದು ಗದರಿಸಬಾರದು.

ಈಗ ಯಾವುದೋ ಕಾರಣಕ್ಕೆ ಪ್ರಾಣಿ ತಿನ್ನುವುದನ್ನು ನಿಲ್ಲಿಸಿತೆಂದುಕೊಳ್ಳಿ. ಕೆಲವು ಗಂಟೆಗಳಲ್ಲಿ ಕರುಳಿನ ಚಲನೆ ನಿಧಾನವಾಗುತ್ತದೆ. ಒಳಗಿನ ಪದಾರ್ಥದ ನೀರನ್ನು ದೇಹ ಹೀರಿಕೊಂಡು ಅದು ಗಟ್ಟಿಯಾಗುತ್ತದೆ. ಗ್ಯಾಸ್ ಸೇರಿ ಕರುಳಿನ ತೆಳು ಗೋಡೆ ಹಿಗ್ಗುತ್ತದೆ, ನೋವಾಗುತ್ತದೆ. ನೋವಿದ್ದರೆ ಅದು ಇನ್ನೂ ತಿನ್ನುವುದಿಲ್ಲ, ತಿನ್ನದಿದ್ದರೆ ಕರುಳು ಇನ್ನೂ ನಿಧಾನವಾಗುತ್ತದೆ. ಅತ್ತ ಆಹಾರವಿಲ್ಲದ ದೇಹ ತನ್ನ ಕೊಬ್ಬನ್ನು ಕರಗಿಸಲು ತೊಡಗುತ್ತದೆ; ಆ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಒಂದೆರಡು ದಿನಗಳಲ್ಲಿ ಯಕೃತ್ತೇ ಸೋಲಲಾರಂಭಿಸುತ್ತದೆ, ದಪ್ಪ ಪ್ರಾಣಿಗಳಲ್ಲಿ ಇದು ಇನ್ನೂ ಬೇಗ. ವಾಂತಿ ಮಾಡಿ ಹೊಟ್ಟೆ ಹಗುರ ಮಾಡಿಕೊಳ್ಳುವ ಶಕ್ತಿಯೂ ಗಿನಿಪಿಗ್‌ಗೆ ಇಲ್ಲ. ನಾವು 'ವಿಶ್ರಾಂತಿ' ಎಂದು ಕರೆಯುವ ಉಪವಾಸ ಅದರ ದೇಹದಲ್ಲಿ ಮಾಡುವ ಕೆಲಸ ಇದು.

ತಿನ್ನುವುದು ನಿಲ್ಲಲು ಕಾರಣಗಳು ಹಲವು. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಊಟ ಮುಗಿಸಿ, ಹಸಿ ಕಡಲೆ ಗಿಡಗಳನ್ನು ಕಟ್ಟು ಕಟ್ಟಿ ಮನೆಗೆ ತರುವುದು ನಮ್ಮ ಕಡೆಯ ರೂಢಿ. ನನ್ನ ಅಕ್ಕನ ಮನೆಯಲ್ಲಿ ಮಕ್ಕಳು ಪ್ರೀತಿಯಿಂದ ಒಂದು ಇಡೀ ಕಟ್ಟನ್ನು ಗಿನಿಪಿಗ್ ಪಂಜರಕ್ಕೆ ಹಾಕಿದರು. ಅಲ್ಲಿಯವರೆಗೆ ಒಣಹುಲ್ಲಿಗೆ ಒಗ್ಗಿದ್ದ ಸೀಕಮ್‌ಗೆ ಎಳೆಯ ದ್ವಿದಳ ಗಿಡ ಒಮ್ಮೆಲೇ ಬಿದ್ದಿತು. ಮರುದಿನ ಬೆಳಿಗ್ಗೆ ಅದು ಮೈ ಮುದುಡಿ, ಕೂದಲು ನಿಮಿರಿಸಿಕೊಂಡು ಕುಳಿತಿತ್ತು. ರಾತ್ರಿ ಹಾಕಿದ ಸೌತೆಕಾಯಿ ಹಾಗೆಯೇ ಬಾಡಿತ್ತು. ಅಕ್ಕನ ಅತ್ತೆ ಕಕ್ಕುಲಾತಿಯಿಂದಲೇ ಹೇಳಿದರು: "ಇವತ್ತೊಂದಿನ ಏನೂ ಹಾಕಬ್ಯಾಡವಾ, ಹೊಟ್ಟಿ ಖಾಲಿ ಇರಲಿ, ತಾನೇ ಸುದ್ದ ಆಗ್ತದ." ಎತ್ತುಗಳಿಗೆ ಹೊಟ್ಟೆ ಉಬ್ಬಿದಾಗ ಮೇವು ತಡೆದು ಗುಣ ಕಂಡವರ ಅನುಭವದ ಮಾತದು. ಆದರೆ ಎತ್ತಿನ ರೂಮೆನ್‌ನಲ್ಲಿ ದಿನಗಟ್ಟಲೆ ಮೇವಿನ ದಾಸ್ತಾನು ಇರುತ್ತದೆ, ಮೆಲುಕು ಹಾಕಲು ದಾರಿಯಿದೆ, ತೇಗಿ ಗ್ಯಾಸ್ ಹೊರಹಾಕುವ ಬಾಗಿಲೂ ಇದೆ. ಒಂದು ಕಿಲೋ ತೂಕದ ಗಿನಿಪಿಗ್‌ಗೆ ಇವು ಯಾವುವೂ ಇಲ್ಲ.

ರೊಟ್ಟಿ ಚೂರು, ಚುರಮುರಿ, ಬಿಸ್ಕತ್ತು ಹಾಕುವುದು ಇನ್ನೊಂದು ಕಾರಣ. ಪಿಷ್ಟ ಸೀಕಮ್‌ಗೆ ತಲುಪಿದರೆ ಬೇಡದ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅಷ್ಟೇ ಅಲ್ಲ, ಗಿನಿಪಿಗ್‌ನ 20 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಿರುತ್ತವೆ. ಒರಟು ಹುಲ್ಲು ಅಗಿಯದೆ ಮೆತ್ತನೆಯದನ್ನೇ ತಿಂದರೆ ಕೆಳದವಡೆಯ ಹಲ್ಲುಗಳು ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಕಮಾನು ಕಟ್ಟುತ್ತವೆ, ಪ್ರಾಣಿಗೆ ನುಂಗಲಾಗುವುದಿಲ್ಲ. ವಿಟಮಿನ್ ಸಿ ಕೊರತೆಯೂ ಹೀಗೆಯೇ ಹೊಟ್ಟೆಯ ಕಾಯಿಲೆಯಂತೆ ಕಾಣಿಸಿಕೊಳ್ಳಬಹುದು. ನಮ್ಮ ಹಾಗೆ ಗಿನಿಪಿಗ್ ಕೂಡ ವಿಟಮಿನ್ ಸಿ ತಯಾರಿಸಲಾರದು. ನಾರ್ವೆಯ ವಿಜ್ಞಾನಿಗಳಾದ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ 1907ರಲ್ಲಿ ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಲ್ಲಿ ಈ ಕೊರತೆಯ ರೋಗವಾದ ಸ್ಕರ್ವಿ ಕಂಡದ್ದರಿಂದಲೇ ಆ ರೋಗದ ಅಧ್ಯಯನಕ್ಕೆ ದಾರಿ ತೆರೆಯಿತು. ಮೊಲದ ಅಥವಾ ಪಕ್ಷಿಯ ಆಹಾರವನ್ನೇ ಹಾಕುತ್ತಿದ್ದರೆ ವಿಟಮಿನ್ ಸಿ ಸಾಲದೆ ಕೀಲು ನೋಯುವ ಪ್ರಾಣಿ ಮೇವಿನ ಬಳಿಗೆ ಹೋಗುವುದನ್ನೇ ಬಿಡುತ್ತದೆ. ದಿನಕ್ಕೊಂದು ತುಂಡು ಹಸಿ ದೊಣ್ಣೆ ಮೆಣಸಿನಕಾಯಿ ಹಾಕಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಬಿಸಿಲಿನ ವಿಷಯವನ್ನು ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಂಡೀಸ್ ಪರ್ವತದ ತಂಪಿನಿಂದ ಬಂದ ಈ ಪ್ರಾಣಿಗೆ 27 ಡಿಗ್ರಿ ದಾಟಿದರೆ ಕಷ್ಟ ಶುರು. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಮಾಮೂಲು. ಪತ್ರಾಸಿನ ಕೋಣೆಯಲ್ಲಿ ಪಂಜರವಿಟ್ಟು, ತಿನ್ನುತ್ತಿಲ್ಲವೆಂದರೆ ಬೇರೆ ಕಾರಣ ಹುಡುಕುವ ಮೊದಲು ಪಂಜರವನ್ನು ಕೂಲರ್ ಇರುವ ಕೋಣೆಗೆ ತರಬೇಕು.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಮನೆಯ ಔಷಧಿ ಡಬ್ಬಿಯಲ್ಲಿ ಉಳಿದಿರುವ ಮಾತ್ರೆಗಳು. ಮಗುವಿಗೆ ಬರೆದುಕೊಟ್ಟಿದ್ದ, ಪೆನ್ಸಿಲಿನ್ ಗುಂಪಿಗೆ ಸೇರಿದ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್‌ನ ಒಂದು ಚೂರು ಗಿನಿಪಿಗ್‌ನನ್ನು ಕೊಲ್ಲಬಲ್ಲದು. ಪೆನ್ಸಿಲಿನ್ ಗುಂಪಿನ ಔಷಧಗಳು ಸೀಕಮ್‌ನ ಸಹಜ ಬ್ಯಾಕ್ಟೀರಿಯಾಗಳನ್ನು ಅಳಿಸಿಹಾಕುತ್ತವೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ಅದರ ವಿಷದಿಂದ ಸೀಕಮ್‌ನ ಗೋಡೆಯಲ್ಲಿ ರಕ್ತಸ್ರಾವವಾಗುತ್ತದೆ. ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್‌ಗಳೂ ಇದೇ ಸಾಲಿಗೆ ಸೇರಿದವು. ಈ ಸಂಗತಿಗೆ ವಿಜ್ಞಾನದ ಇತಿಹಾಸದಲ್ಲೊಂದು ರೋಮಾಂಚಕ ಸ್ಥಾನವಿದೆ. 1940ರ ಮೇ 25ರಂದು ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನಿ ಹೊವರ್ಡ್ ಫ್ಲೋರಿ ಮತ್ತು ಸಂಗಡಿಗರು ಎಂಟು ಇಲಿಗಳಿಗೆ ಮಾರಕ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನ್ಸಿಲಿನ್ ಕೊಟ್ಟರು. ಮರುದಿನ ಬೆಳಗಾಗುವಷ್ಟರಲ್ಲಿ ಔಷಧವಿಲ್ಲದ ನಾಲ್ಕೂ ಸತ್ತಿದ್ದವು, ಔಷಧ ಪಡೆದವು ಬದುಕಿದ್ದವು. ಆ ದಿನಗಳಲ್ಲಿ ಪ್ರಯೋಗಾಲಯಗಳಲ್ಲಿ ಗಿನಿಪಿಗ್‌ಗಳೂ ಧಾರಾಳವಾಗಿ ಬಳಕೆಯಲ್ಲಿದ್ದವು. ಅಂದು ಇಲಿಗಳ ಬದಲು ಅವನ್ನು ಆರಿಸಿಕೊಂಡಿದ್ದರೆ ಪೆನ್ಸಿಲಿನ್ನನ್ನು ವಿಷವೆಂದು ಬದಿಗಿಡುವ ಸಾಧ್ಯತೆ ಇತ್ತು. 1943ರಲ್ಲಿಯೇ ಅಮೆರಿಕದ ಸಂಶೋಧಕರು ಅದು ಗಿನಿಪಿಗ್‌ಗಳನ್ನು ಕೊಲ್ಲುತ್ತದೆಂದು ವರದಿ ಮಾಡಿದರು. ಕೋಟ್ಯಂತರ ಮನುಷ್ಯರನ್ನು ಉಳಿಸಿದ ಔಷಧ ಈ ಪ್ರಾಣಿಯ ಹೊಟ್ಟೆಯೊಳಗೆ ಬೇರೆಯದೇ ಕೆಲಸ ಮಾಡುತ್ತದೆ.

ಕಾಯಿಲೆಯನ್ನು ಬೇಗ ಗುರುತಿಸಲು ಪಂಜರದ ತಳ ನೋಡಬೇಕು. ಆರೋಗ್ಯವಂತ ಗಿನಿಪಿಗ್‌ನ ಹಿಕ್ಕೆಗಳು ಒಂದೇ ಅಳತೆಯವು, ಉದ್ದಕ್ಕೆ, ಎರಡೂ ತುದಿ ದುಂಡಗಿರುತ್ತವೆ. ಅವು ಸಣ್ಣವಾಗಿ, ಒಣಗಿ, ಒಂದು ತುದಿ ಚೂಪಾಗಿ, ಸಂಖ್ಯೆಯಲ್ಲಿ ಕಡಿಮೆಯಾದರೆ ಕರುಳು ನಿಧಾನವಾಗಿದೆ. ನೀರು ನೀರಾದ ಭೇದಿಯಾದರೆ ಅದು ಅದೇ ಗಳಿಗೆಯಲ್ಲಿ ವೈದ್ಯರ ಬಳಿಗೆ ಓಡಬೇಕಾದ ಸ್ಥಿತಿ. ಹಲ್ಲು ಕಡಿಯುವ ಸದ್ದು ನೋವಿನದು. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗುತ್ತಿದ್ದರೆ 50 ಗ್ರಾಂ ಇಳಿದದ್ದೂ ಗೊತ್ತಾಗುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ಕೂದಲು ಮುಚ್ಚಿಬಿಡುತ್ತದೆ.

ಹೊಟ್ಟೆ ಮೆತ್ತಗಿದ್ದು, ಪ್ರಾಣಿ ಬರೀ ತಿನ್ನದೆ ಕುಳಿತಿದ್ದರೆ ವೈದ್ಯರನ್ನು ಕಾಣುವವರೆಗೆ ಸಿರಿಂಜಿನಿಂದ ತಿನ್ನಿಸಬೇಕು. ಗಿನಿಪಿಗ್ ಗುಳಿಗೆ ಆಹಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನುಣ್ಣಗೆ ಕಿವುಚಿ, ಒಂದು ಮಿಲಿಲೀಟರ್ ಸಿರಿಂಜಿನ ಮೂತಿ ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿ ತುಂಬಿಕೊಳ್ಳಬೇಕು. ಪ್ರಾಣಿಯನ್ನು ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಮುಂದಿನ ಹಲ್ಲುಗಳ ಹಿಂದೆ ಇರುವ ಖಾಲಿ ಜಾಗದಿಂದ, ಬಾಯಿಯ ಪಕ್ಕಕ್ಕೆ, ಅರ್ಧ ಮಿಲಿಲೀಟರ್‌ಗಿಂತ ಹೆಚ್ಚಿಲ್ಲದಂತೆ ಬಿಡಬೇಕು. ದವಡೆ ಆಡಿ ನುಂಗಿದ ಮೇಲೆಯೇ ಮುಂದಿನದು. ಅಂಗಾತ ಮಲಗಿಸಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ ಅಂದಾಜು 50 ಮಿಲಿಲೀಟರ್, ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಎದ್ದು ತಿನ್ನಿಸಬೇಕು. ಇದು ನಿದ್ದೆಗೆಡುವ ಕೆಲಸ, ಆದರೆ ಜೀವ ಉಳಿಸುವುದು ಇದೇ. ಹೊಟ್ಟೆ ಬಿಗಿದು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದ್ದು, ಪ್ರಾಣಿ ಉಸಿರಿಗೆ ಒದ್ದಾಡುತ್ತಿದ್ದರೆ ಮಾತ್ರ ಏನನ್ನೂ ತಿನ್ನಿಸಕೂಡದು. ಆಗ ಜಠರ ತಿರುಚಿಕೊಂಡಿರಬಹುದು, ಎಕ್ಸ್‌ರೇ ಬೇಕು, ಗ್ಯಾಸ್ ಹೊರತೆಗೆಯುವುದು ವೈದ್ಯರ ಕೈಯ ಕೆಲಸ.

ಅಜವಾನದ ನೀರು, ಅಡುಗೆ ಸೋಡಾ ಇತ್ಯಾದಿಗಳನ್ನು ಬಾಯಿಗೆ ಹಾಕಬೇಡಿ. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕುವುದನ್ನಂತೂ ಬಿಟ್ಟೇಬಿಡಿ: ಆ ಘಾಟಿಗೆ ನಮಗೇ ಕೆಮ್ಮು ಬರುವಾಗ, ಗಿನಿಪಿಗ್‌ನ ಸೂಕ್ಷ್ಮ ಶ್ವಾಸಕೋಶಕ್ಕೆ ಅದು ಎರಡನೆಯ ಕಾಯಿಲೆ.

ನಮ್ಮ ಭಾಗದ ಪಶು ಆಸ್ಪತ್ರೆಗಳಿಗೆ ಬರುವ ರೋಗಿಗಳಲ್ಲಿ ದನ, ಎಮ್ಮೆ, ಆಡುಗಳೇ ಹೆಚ್ಚು, ಮತ್ತು ಅವುಗಳಿಗೆ ಪೆನ್ಸಿಲಿನ್ ಇಂಜೆಕ್ಷನ್ ಸಾಮಾನ್ಯ ಚಿಕಿತ್ಸೆ. ಆದ್ದರಿಂದ ಇದು ಗಿನಿಪಿಗ್, ಪೆನ್ಸಿಲಿನ್ ಗುಂಪಿನ ಔಷಧ ಬೇಡ ಎಂದು ಸಂಕೋಚವಿಲ್ಲದೆ ಮೊದಲೇ ಹೇಳಬೇಕು. ಕೊನೆಯ ಸಲ ತಿಂದದ್ದು ಯಾವಾಗ, ಹಿಕ್ಕೆ ಬಿದ್ದದ್ದು ಯಾವಾಗ, ಹಿಂದಿನ ಎರಡು ದಿನ ಹೊಸದಾಗಿ ಏನು ಹಾಕಿದ್ದಿರಿ, ತೂಕ ಎಷ್ಟು ಇಳಿದಿದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಕಾಲೇಜೂ ಇರುವುದು ಈ ಭಾಗದ ಭಾಗ್ಯ. ಕಲಬುರಗಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಾದರೂ ಕಾಯಿಲೆ ಬಿಗಡಾಯಿಸಿದಾಗ ಫೋನ್ ಮಾಡಿ ಕೇಳಿಕೊಂಡು ಹೊರಡಬಹುದು. ಹೊರಡುವುದಾದರೆ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಹೊರಡಿ. ಹೋಗುವಾಗ ಪೆಟ್ಟಿಗೆಯೊಳಗೆ ಒಣಹುಲ್ಲು, ಗರಿಕೆ ಇರಲಿ; ಎಳೆ ಜೋಳದ ಪೈರು ಮಾತ್ರ ಬೇಡ, ಅದರಲ್ಲಿ ಸಯನೈಡ್ ಹುಟ್ಟುವುದು ದನ ಕಟ್ಟಿದವರಿಗೆಲ್ಲ ಗೊತ್ತಿರುವ ಅಪಾಯ. ದಾರಿ ಎರಡು ಮೂರು ಗಂಟೆಯದು, ಹೊಟ್ಟೆ ಬಿಗಿದಿಲ್ಲದಿದ್ದರೆ ಸಿರಿಂಜನ್ನೂ ಕಲಸಿದ ಆಹಾರವನ್ನೂ ಜೊತೆಗಿಟ್ಟುಕೊಂಡು ಹುಮನಾಬಾದಿನಲ್ಲಿ ಗಾಡಿ ನಿಲ್ಲಿಸಿ ಒಂದು ಸಲ ತಿನ್ನಿಸಿ.