ಯಾರ್ಕ್‌ವಿಲ್: ಜನ ಹೋದ ಮೇಲೂ ಅಂಗಡಿ ಉಳಿದದ್ದು ಹೇಗೆ?

ವಲಸಿಗರ ಸಣ್ಣ ವ್ಯಾಪಾರದ ಪಾಠ ಓದುತ್ತಿರುವವರಿಗೆ ಈ ಟಿಪ್ಪಣಿ. ನಾನು ಆರಿಸಿಕೊಂಡ ಉದಾಹರಣೆ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿರುವ ಯಾರ್ಕ್‌ವಿಲ್. ಒಂದು ಕಾಲಕ್ಕೆ 86ನೇ ರಸ್ತೆ ಜರ್ಮನ್ನರದು, 79ನೇ ರಸ್ತೆಯ ಆಸುಪಾಸು ಹಂಗೇರಿಯನ್ನರದು ಆಗಿತ್ತು. ನಕ್ಷೆ ಇಷ್ಟು ಸಾಕು.

ಜರ್ಮನ್ನರು ಇಲ್ಲಿಗೆ ಬಂದದ್ದೇಕೆ ಎಂದರೆ ಎಲ್ಲರೂ 1904ರ ಜೂನ್ 15ರ ದುರಂತ ಹೇಳುತ್ತಾರೆ. ಮ್ಯಾನ್‌ಹಟನ್‌ನ ದಕ್ಷಿಣದ ಹಳೆಯ ಜರ್ಮನ್ ಕೇರಿಯ ಚರ್ಚಿನವರು ವಿಹಾರಕ್ಕೆ ಹೊರಟಿದ್ದ ಜನರಲ್ ಸ್ಲೋಕಂ ಹಡಗು ಬೆಂಕಿಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಹೆಂಗಸರು, ಮಕ್ಕಳು. ಆ ಕೇರಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ಆದರೆ ಇದೊಂದನ್ನೇ ಕಾರಣವೆಂದು ಬರೆಯಬೇಡಿ. 1880ರ ಹೊತ್ತಿಗೇ ಎತ್ತರದ ಕಂಬಗಳ ಮೇಲಿನ ರೈಲು ಇಲ್ಲಿಗೆ ಬಂದಿತ್ತು, ರುಪ್ಪರ್ಟ್ ಬಿಯರ್ ಕಾರ್ಖಾನೆಯಲ್ಲಿ ಕೆಲಸವಿತ್ತು. ಹೊರಟವರ ಕಾಲಿಗೆ ದುರಂತ ವೇಗ ಕೊಟ್ಟಿತು, ಅಷ್ಟೆ.

ಈಗ ನಾನು ಮೂರು ದಿನ ಸಿಕ್ಕಿಬಿದ್ದ ಜಾಗ. 1955ರಲ್ಲಿ ಮೂರನೇ ಅವೆನ್ಯೂದ ರೈಲು ನಿಂತಿತು. ಕಂಬಗಳು ಹೋಗಿ ಬೀದಿಗೆ ಬೆಳಕು ಬಂತು, ನೆಲದ ಬೆಲೆ ಏರಿತು, ಹಳೆಯ ವಠಾರಗಳನ್ನು ಕೆಡವಿ ಎತ್ತರದ ಅಪಾರ್ಟ್‌ಮೆಂಟ್ ಕಟ್ಟಿದರು. ಜನ ಕ್ವೀನ್ಸ್ ಕಡೆಗೋ ನ್ಯೂಜೆರ್ಸಿ ಕಡೆಗೋ ಹೋದರು. 'ಜನ ಹೋದರು, ಆದ್ದರಿಂದ ಅಂಗಡಿ ಮುಚ್ಚಿದವು' ಎಂದು ಬರೆದುಕೊಂಡಿದ್ದೆ. ಅದು ತಪ್ಪು. ಎಷ್ಟೋ ಅಂಗಡಿಗಳು ಆಮೇಲೂ ದಶಕಗಟ್ಟಲೆ ನಡೆದವು. ಮನೆ ಖಾಲಿಯಾಗುವುದಕ್ಕೂ ಅಂಗಡಿ ಖಾಲಿಯಾಗುವುದಕ್ಕೂ ಬೇರೆ ಬೇರೆ ಲೆಕ್ಕ. ಮನೆ ಬಿಟ್ಟ ಸಂಸಾರ ಮಾಂಸಕ್ಕೆ, ಬ್ರೆಡ್ಡಿಗೆ, ಕ್ರಿಸ್‌ಮಸ್ ಸಾಮಾನಿಗೆ ಮತ್ತೆ ಇಲ್ಲಿಗೇ ಬರುತ್ತದೆ. ಅಂಗಡಿಗೆ ಬೇಕಾದದ್ದು ಪಕ್ಕದ ಮನೆಯವನಲ್ಲ, ಗಿರಾಕಿ. ಗಿರಾಕಿ ರೈಲು ಹತ್ತಿ ಬಂದರೂ ಗಿರಾಕಿಯೇ. ಸಾಲದ್ದಕ್ಕೆ 1956ರ ಕ್ರಾಂತಿ ಸೋತ ಮೇಲೆ ಹಂಗೇರಿಯಿಂದ ಹೊಸ ನಿರಾಶ್ರಿತರು ಬಂದು ಹಂಗೇರಿಯನ್ ಅಂಗಡಿಗಳಿಗೆ ಜೀವ ತುಂಬಿದರು.

ಹಾಗಾಗಿ ನಾನು ಗುರುತು ಹಾಕಿಕೊಂಡದ್ದು ಇದು: 'ಅಂಗಡಿ ಯಾರದು' ಎನ್ನುವ ಮೊದಲು 'ಯಾರಿಗೆ ಮಾರುತ್ತದೆ' ಎಂದು ಕೇಳಿ. ಗಸಗಸೆಯನ್ನೇ ನೋಡಿ. ನಾವು ಪಾಯಸಕ್ಕೆ ಹುರಿದು ಅರೆಯುವುದು ಬಿಳಿಯದು, ಹಂಗೇರಿಯನ್ನರದು ನೀಲಿಗಪ್ಪು. ಪುಡಿ ಮಾಡಿ, ಸಕ್ಕರೆ ಬೆರೆಸಿ, ಹಿಟ್ಟಿನ ಹಾಳೆಯೊಳಗೆ ದಪ್ಪಗೆ ಸುತ್ತಿ ಬೇಯಿಸುತ್ತಾರೆ. ಪುಡಿ ಮಾಡಿಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ, ಅದಕ್ಕೇ ಕೇಳಿದಾಗ ಬೀಸಿಕೊಡುವ ಅಂಗಡಿ ಬೇಕು. ಎರಡನೇ ಅವೆನ್ಯೂದಲ್ಲಿದ್ದ ಪಾಪ್ರಿಕಾಶ್ ವೈಸ್ ಎಂಬ ಹಂಗೇರಿಯನ್ ಅಂಗಡಿ ಅಂಥದ್ದಾಗಿತ್ತು. ಇದನ್ನು ದೊಡ್ಡ ಸೂಪರ್‌ಮಾರ್ಕೆಟ್ ಕೊಡಲಾರದು. ಪಾಠದ 'ರಕ್ಷಿತ ಮಾರುಕಟ್ಟೆ', ಅಂದರೆ ತಮ್ಮವರ ವಿಶೇಷ ಬೇಡಿಕೆಯಿಂದಾಗಿ ಹೊರಗಿನವರು ಸುಲಭಕ್ಕೆ ಪೈಪೋಟಿಗೆ ಬರಲಾಗದ ವ್ಯಾಪಾರ, ಎಂಬ ಪದದ ಅರ್ಥ ನನಗೆ ಹೊಳೆದದ್ದು ಇಲ್ಲೇ.

ಅಂಗಡಿಯ ಕೊನೆಯೂ ಒಂದೇ ಥರ ಅಲ್ಲ. 1902ರಲ್ಲಿ ಶುರುವಾದ ಗ್ಲೇಸರ್ಸ್ ಬೇಕರಿ 2018ರಲ್ಲಿ ಮುಚ್ಚಿತು. ಅರ್ಧ ಕಪ್ಪು, ಅರ್ಧ ಬಿಳಿ ಸಕ್ಕರೆ ಲೇಪದ, ಕೇಕಿನಷ್ಟು ಮೆತ್ತಗಿನ ಅವರ ಬಿಸ್ಕತ್ತಿಗೆ ಕೊನೆಯವರೆಗೂ ಸಾಲು ನಿಲ್ಲುತ್ತಿತ್ತು. ಮುಚ್ಚಿದ್ದು ಗಿರಾಕಿ ಇಲ್ಲದೆ ಅಲ್ಲ. ಮೂರನೇ ತಲೆಮಾರಿನ ಅಣ್ಣತಮ್ಮಂದಿರು ದುಡಿದು ದಣಿದು ನಿವೃತ್ತರಾದರು. 1916ರ ಓರ್‌ವಾಷರ್ಸ್ ಬ್ರೆಡ್ ಅಂಗಡಿಯನ್ನು ಹಂಗೇರಿ ಮೂಲದ ಕುಟುಂಬ ಮಾರಿತು, ಹೆಸರು ಉಳಿಯಿತು. 1937ರ ಶಾಲರ್ ಅಂಡ್ ವೆಬರ್ ಮಾಂಸದಂಗಡಿ ಇನ್ನೂ ಇದೆ. ಬಾಡಿಗೆಯನ್ನೂ ಮರೆಯಬೇಡಿ: ನ್ಯೂಯಾರ್ಕಿನಲ್ಲಿ ಎಷ್ಟೋ ಮನೆಗಳ ಬಾಡಿಗೆಗೆ ಕಾನೂನಿನ ಲಗಾಮಿದೆ, ಅಂಗಡಿಗೆ ಇಲ್ಲ. ಕರಾರು ಮುಗಿದ ದಿನ ಮಾಲೀಕ ಕೇಳಿದ್ದೇ ಬೆಲೆ.

ಕೊನೆಯದಾಗಿ, 1970–80ರ ದಶಕಗಳಲ್ಲಿ ನಗರದ ತುಂಬ ಕೊರಿಯನ್ನರು ತೆರೆದ ಹಣ್ಣು-ತರಕಾರಿ ಅಂಗಡಿಗಳು. ಇವರು ಮಾರಿದ್ದು ಕೊರಿಯನ್ ಪದಾರ್ಥವಲ್ಲ. ಸೇಬು, ಹೂವು, ಕಾಫಿ. ಗಿರಾಕಿ ಎಲ್ಲರೂ. ಹಾಗಾದರೆ ಇವರಿಗೆ ತಮ್ಮವರು ಬೇಕಾದದ್ದು ಎಲ್ಲಿ? ಬಂಡವಾಳದಲ್ಲಿ. ಪಾಠದಲ್ಲಿ 'ಕ್ಯೆ' ಎಂಬ ಕೊರಿಯನ್ ಪದ ಬಂದಾಗ ನಮ್ಮ ಕೈಚೀಟಿ ನೆನೆಯಿರಿ: ಪರಿಚಯದವರು ತಿಂಗಳಿಗಿಷ್ಟು ಎಂದು ಹಾಕುತ್ತಾರೆ, ಸರದಿಯಂತೆ ಒಬ್ಬೊಬ್ಬರು ಗಂಟು ಎತ್ತುತ್ತಾರೆ. ಬ್ಯಾಂಕು ಕೇಳುವ ಅಡಮಾನದ ಜಾಗದಲ್ಲಿ ಇಲ್ಲಿರುವುದು ಮುಖ ಪರಿಚಯ. ಹಳೆಯ ಹಂಗೇರಿಯನ್ ಅಂಗಡಿಗೆ ತಮ್ಮವರು ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದರು, ಇವರಿಗೆ ಅದರ ಹಿಂದೆ.