ಸಗಣಿ ಬಾಚುವ ಸ್ಕ್ರೇಪರ್ ಆರಿಸುವ ಮೊದಲು: ಬ್ಲೇಡಿನ ಮುಂದಿನ ರಾಶಿಯ ಲೆಕ್ಕ

ಹೈನುಗಾರಿಕೆ ತರಬೇತಿಯಲ್ಲಿ ಈ ವಾರ ಆಟೊಮ್ಯಾಟಿಕ್ ಸ್ಕ್ರೇಪರ್ ಪಾಠ ಆಯಿತು. ಒಂದು ಲೆಕ್ಕದ ಹತ್ತಿರ ಎರಡು ದಿನ ನಿಂತುಬಿಟ್ಟೆ. ಅದು ಬಿಡಿಸಿಕೊಂಡ ದಾರಿ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಅಲ್ಲೇ ತೊಡಕಾಗಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಯಾವ ಕೊಟ್ಟಿಗೆಗೆ

ನಮ್ಮ ಕಡೆ ಹೆಚ್ಚಿನವರು ಹಸುವನ್ನು ಗೊಂತಿನಲ್ಲೇ ಕಟ್ಟುತ್ತಾರೆ. ಸಗಣಿ ಹಿಂದಿನ ಚರಂಡಿಗೆ ಬೀಳುತ್ತದೆ. ಅಂಥ ಕಡೆಗೆ ಚರಂಡಿಯೊಳಗೇ ಓಡುವ ಚೈನ್ ಬೇರೆ ಇದೆ. ನಾನಿಲ್ಲಿ ಹೇಳುತ್ತಿರುವುದು ಹಸುಗಳನ್ನು ಬಿಟ್ಟು ಸಾಕುವ ಕೊಟ್ಟಿಗೆಯ ವಿಷಯ. ಎರಡೂ ಕಡೆ ಮಲಗುವ ಕ್ಯೂಬಿಕಲ್, ನಡುವೆ ಓಡಾಡುವ ಓಣಿ. ಆ ಓಣಿಯ ಅಗಲಕ್ಕೆ ಒಂದು ಬ್ಲೇಡ್. ಹೋಗುವಾಗ ರೆಕ್ಕೆ ಬಿಚ್ಚಿ ಬಾಚುತ್ತದೆ, ಬರುವಾಗ ರೆಕ್ಕೆ ಮಡಚಿಕೊಂಡು ಸುಮ್ನೆ ವಾಪಸ್ ಬರುತ್ತದೆ. ಎರಡು ಓಣಿಗೆ ಒಂದೇ ಮೋಟಾರ್ ಹಾಕಿದರೆ, ಒಂದು ಬ್ಲೇಡ್ ಬಾಚುವಾಗ ಇನ್ನೊಂದು ವಾಪಸ್ ಬರುತ್ತಿರುತ್ತದೆ.

ನಾನು ತೊಡಕಿಗೆ ಸಿಕ್ಕಿದ್ದು ಇಲ್ಲಿ

ಮೊನ್ನೆ ನಮ್ಮನ್ನು ಒಂದು ಫಾರ್ಮ್‌ಗೆ ಕರೆದುಕೊಂಡು ಹೋಗಿದ್ದರು. ಬ್ಲೇಡ್ ನಿಮಿಷಕ್ಕೆ ಸುಮಾರು 4 ಮೀಟರ್ ಹೋಗುತ್ತದೆ, ಅಂದರೆ ಬಹಳ ನಿಧಾನ. ಓಣಿಯ ಶುರುವಿನಲ್ಲಿದ್ದ ಹಸು ಮೆಲುಕು ಹಾಕುತ್ತಲೇ ಮುಂದಿನ ಕಾಲು ಎತ್ತಿತು, ಆಮೇಲೆ ಹಿಂದಿನ ಕಾಲು. ಬ್ಲೇಡ್ ದಾಟಿಹೋಯಿತು. ಆದರೆ ಕೊನೆಯಲ್ಲಿ ನಿಂತಿದ್ದ ಹಸುಗಳ ಪಾಡು ಬೇರೆ. ಅಷ್ಟು ಹೊತ್ತಿಗೆ ಇಡೀ ಓಣಿಯ ಸಗಣಿ, ಗಂಜಲ ಎಲ್ಲ ಬ್ಲೇಡಿನ ಮುಂದೆ ಸೇರಿತ್ತು. ಗೊರಸು ಪೂರ್ತಿ ಮುಳುಗಿ, ಹಿಂದೆ ಮೇಲ್ಗಡೆ ಇರುವ ಆ ಎರಡು ಸಣ್ಣ ಗೊರಸಿನವರೆಗೂ ರಾಡಿ ಹತ್ತಿತ್ತು. ದಿನವೂ ಹೀಗೆ ನೆನೆದರೆ ಗೊರಸಿನ ಸಂದು ಕೊಳೆಯುತ್ತದೆ, ಹಸು ಕುಂಟುತ್ತದೆ. ಸ್ವಚ್ಛ ಮಾಡಲು ತಂದ ಯಂತ್ರವೇ ಕಾಲಿಗೆ ರಾಡಿ ಬಳಿದ ಹಾಗೆ ಆಯಿತಲ್ವಾ?

ಪರಿಹಾರ ಸುಲಭ ಅಂದುಕೊಂಡೆ. ನಾಲ್ಕು ಪಟ್ಟು ಜಾಸ್ತಿ ಸಲ ಓಡಿಸಿದರೆ ರಾಶಿಯ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ ಅಂತ. ಇಳಿಯುವುದಿಲ್ಲ. ಲೆಕ್ಕ ನೋಡಿ.

40 ಸೀಮೆ ಹಸು. ಓಣಿ 30 ಮೀಟರ್ ಉದ್ದ, 3 ಮೀಟರ್ ಅಗಲ. ಒಂದು ಹಸುವಿಗೆ ದಿನಕ್ಕೆ ಸಗಣಿ, ಗಂಜಲ ಸೇರಿ 40 ಕೆಜಿ ಅಂತ ಹಿಡಿದುಕೊಂಡೆ. ಒಟ್ಟು 1600 ಕೆಜಿ. ಹಾಲು ಕರೆಯುವ ಜಾಗದಲ್ಲಿ, ಬಯಲಲ್ಲಿ ಬೀಳುವುದನ್ನು ಕಳೆದು ಓಣಿಗೆ 1200 ಕೆಜಿ, ಅಂದರೆ ಹೆಚ್ಚುಕಡಿಮೆ 1200 ಲೀಟರ್.

ದಿನಕ್ಕೆ 2 ಸಲ ಬಾಚಿದರೆ ಒಂದು ಸಲಕ್ಕೆ 600 ಲೀಟರ್, ಅಂದರೆ 0.6 ಘನ ಮೀಟರ್. 3 ಮೀಟರ್ ಅಗಲಕ್ಕೆ ಹಂಚಿದರೆ, ಪಕ್ಕದಿಂದ ನೋಡಿದಾಗ ರಾಶಿಯ ಮುಖ 0.2 ಚದರ ಮೀಟರ್. ರಾಶಿ ಬ್ಲೇಡಿನ ಹತ್ತಿರ ಎತ್ತರ, ಮುಂದಕ್ಕೆ ಇಳಿಜಾರು. ಎತ್ತರದ 10 ಪಟ್ಟು ಉದ್ದಕ್ಕೆ ಹರಡುತ್ತದೆ ಅಂತ ಇಟ್ಟುಕೊಂಡರೆ, ಎತ್ತರ 20 ಸೆಂಟಿಮೀಟರ್, ಉದ್ದ 2 ಮೀಟರ್ (ಮುಖ ತ್ರಿಕೋನ, ಹಾಗಾಗಿ ಎತ್ತರ, ಉದ್ದ ಗುಣಿಸಿ ಅರ್ಧ ಮಾಡಬೇಕು).

ಈಗ 8 ಸಲ ಬಾಚಿ. ಒಂದು ಸಲಕ್ಕೆ 150 ಲೀಟರ್. ಎತ್ತರ 5 ಸೆಂಟಿಮೀಟರ್ ಬರಬೇಕು ಅಂದುಕೊಂಡಿದ್ದೆ. ಬಂದಿದ್ದು 10. ಮೂರು ಸಲ ಲೆಕ್ಕ ಮಾಡಿದರೂ 10.

ಕಾರಣ ಇಷ್ಟೇ: ಸಗಣಿ ಕಡಿಮೆಯಾದಾಗ ರಾಶಿಯ ಎತ್ತರ ಮಾತ್ರ ಕಡಿಮೆಯಾಗುವುದಿಲ್ಲ, ಉದ್ದವೂ ಕಡಿಮೆಯಾಗುತ್ತದೆ. 2 ಮೀಟರ್ ಹರಡಿದ್ದು 1 ಮೀಟರ್‌ಗೆ ಬಂತು. ಉದ್ದ ಅರ್ಧ, ಎತ್ತರ ಅರ್ಧ, ಎರಡೂ ಸೇರಿ ಕಾಲು ಭಾಗ. ನಂಬಿಕೆ ಬರಲಿಲ್ಲ ಅಂತ ಅಡುಗೆಮನೆಯಲ್ಲಿ ರಾಗಿ ಸುರಿದು ನೋಡಿದೆ. 8 ಪಾವು ರಾಗಿಯ ಗುಡ್ಡೆ ಒಂದು, 1 ಪಾವಿನ ಗುಡ್ಡೆ ಇನ್ನೊಂದು. ಎಂಟನೇ ಒಂದು ಪಾಲು ರಾಗಿ, ಆದರೆ ಗುಡ್ಡೆಯ ಎತ್ತರ ಅರ್ಧ. ರಾಗಿ ಸುತ್ತಲೂ ಹರಡುತ್ತದೆ, ಅದಕ್ಕೇ ಎಂಟು. ಓಣಿಯಲ್ಲಿ ಅಗಲ ಬದಲಾಗುವುದಿಲ್ಲ, ಹಾಗಾಗಿ ಅಲ್ಲಿ ನಾಲ್ಕು. ರಾಗಿ ನೋಡಿದ ಮೇಲೆ ತಲೆಗೆ ಹೊಕ್ಕಿತು.

ಎತ್ತರವನ್ನು 10ರಿಂದ 5ಕ್ಕೆ ಇಳಿಸಬೇಕೆಂದರೆ ದಿನಕ್ಕೆ 32 ಸಲ ಓಡಿಸಬೇಕು. ಒಂದು ಸುತ್ತಿಗೆ ಹೋಗಿ ಬರಲು 15 ನಿಮಿಷ. 8 ಸಲಕ್ಕೆ 2 ಗಂಟೆ, 32 ಸಲಕ್ಕೆ 8 ಗಂಟೆ. ಬ್ಲೇಡನ್ನು ಎಳೆಯುವ ಹಗ್ಗ, ಚಕ್ರ, ಬ್ಲೇಡಿನ ಅಂಚು ಎಲ್ಲ ಅಷ್ಟೇ ಬೇಗ ಸವೆಯುತ್ತವೆ. ಹೊಸದಾಗಿ ಕಟ್ಟುವವರಿಗೆ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ: ಸಗಣಿ ಬೀಳುವ ಅಡ್ಡ ಚರಂಡಿಯನ್ನು ಓಣಿಯ ಕೊನೆಯಲ್ಲಿ ಮಾಡುವ ಬದಲು ನಡುವೆ ಮಾಡುವುದು. ಎರಡೂ ಕಡೆಯಿಂದ 15 ಮೀಟರ್ ಬಾಚಿದರೆ ಸಾಕು. ಅದೇ 8 ಸಲಕ್ಕೆ ಎತ್ತರ ಸುಮಾರು 7 ಸೆಂಟಿಮೀಟರ್. ಚರಂಡಿಯ ಮೇಲೆ ಹಸು ದಾಟುವಂತೆ ಗಟ್ಟಿ ಜಾಲರಿ ಹಾಕಬೇಕು.

ಇನ್ನೊಂದು ವಿಷಯ. 8 ಸಲ ಅಂದರೆ ಸಮನಾದ ಬಿಡುವು ಕೊಟ್ಟು 8 ಸಲ. ಹಗಲು ಏಳು ಸಲ ಓಡಿಸಿ ರಾತ್ರಿಯಿಡೀ ಬಿಟ್ಟರೆ ಬೆಳಗಿನ ಮೊದಲ ಸುತ್ತಿನಲ್ಲಿ ಮತ್ತೆ ದೊಡ್ಡ ರಾಶಿ. ಆ ಸುತ್ತನ್ನು ಹಸುಗಳು ಹಾಲು ಕರೆಸಿಕೊಳ್ಳಲು ಹೋದಾಗ ಓಡಿಸುವುದು ವಾಸಿ.

ಹಗ್ಗವೋ ಚೈನೋ

ಉಕ್ಕಿನ ಹಗ್ಗ ಅಗ್ಗ, ಅದು ಓಡಲು ನೆಲದಲ್ಲಿ ಸಣ್ಣ ತೋಡು ಸಾಕು. ಗಂಜಲಕ್ಕೆ ತುಕ್ಕು ಹಿಡಿದು ಎಳೆ ಬಿಚ್ಚಿಕೊಳ್ಳುತ್ತದೆ. ಚೈನ್ ತೂಕ, ಆದರೆ ಬಾಳಿಕೆ ಜಾಸ್ತಿ. ಎಣ್ಣೆಯ ಒತ್ತಡದಿಂದ ಓಡುವ ಹೈಡ್ರಾಲಿಕ್ ಉದ್ದ ಓಣಿಗೆ, ಭಾರಕ್ಕೆ. ಚಿಕ್ಕ ಕೊಟ್ಟಿಗೆಗೆ ಅದು ಬೇಡ.

ಕರೆಂಟು

ಮೋಟಾರ್ ದೊಡ್ಡದಲ್ಲ, ಆದರೆ ಹೆಚ್ಚಿನವು ತ್ರೀ ಫೇಸ್. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ದಿನಕ್ಕೆ ಕೆಲವು ಗಂಟೆ ಮಾತ್ರ. ಕೊಟ್ಟಿಗೆ ಯಾವ ಫೀಡರ್‌ನಲ್ಲಿದೆ, ಅಂದರೆ ಯಾವ ಲೈನಿನಿಂದ ಅದಕ್ಕೆ ಕರೆಂಟು ಬರುತ್ತದೆ ಅಂತ ಮೊದಲೇ ಕೇಳಿ. ಸಿಂಗಲ್ ಫೇಸ್‌ನಿಂದ ತ್ರೀ ಫೇಸ್ ಮೋಟಾರ್ ಓಡಿಸುವ ಡ್ರೈವ್ ಸಿಗುತ್ತದೆ. ಏನಾದರೂ ಅಡ್ಡ ಬಂದರೆ ತಾನೇ ನಿಲ್ಲುವ ವ್ಯವಸ್ಥೆ ಇಲ್ಲದ ಯಂತ್ರವನ್ನು ಕೊಳ್ಳಲೇಬೇಡಿ. ಕರು ಹಾಕುವ ಜಾಗದಲ್ಲಂತೂ ಸ್ಕ್ರೇಪರ್ ಇರಲೇಬಾರದು. ಆಗತಾನೇ ಹುಟ್ಟಿದ ಕರು ಬ್ಲೇಡ್ ಬಂದರೆ ಏಳುವುದಿಲ್ಲ.

ನೆಲ, ಮೇವು

ಅಡ್ಡಕ್ಕೆ ನೆಲ ಮಟ್ಟವಾಗಿರಬೇಕು, ಇಲ್ಲದಿದ್ದರೆ ಬ್ಲೇಡ್ ಒಂದು ಕಡೆ ಸಗಣಿ ಬಿಟ್ಟು ಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಸಗಣಿ ಒಣಗಿ ಕಾಂಕ್ರೀಟಿಗೆ ಚಕ್ಕೆ ಹಿಡಿದರೆ ಬ್ಲೇಡ್ ಅದರ ಮೇಲೆ ಜಾರುತ್ತದೆ. ಆ ತಿಂಗಳುಗಳಲ್ಲಿ ಬಿಡುವು ಕಡಿಮೆ ಮಾಡಿ, ಇಲ್ಲವೇ ನೆಲ ತುಸು ಒದ್ದೆ ಮಾಡಿ. ಮಲಗಲು ಮರಳು ಹಾಕಿದ್ದರೆ ಅಂಚು ಬೇಗ ಸವೆಯುತ್ತದೆ, ಗೋಬರ್ ಗ್ಯಾಸ್ ಗುಂಡಿಯ ತಳದಲ್ಲೂ ಮರಳು ಕೂರುತ್ತದೆ.

1ಕ್ಕೆ 10 ಅನ್ನುವ ಇಳಿಜಾರು ನಾನು ಹಿಡಿದುಕೊಂಡ ಅಂಕಿ. ರಾಗಿ ಹುಲ್ಲು ಜಾಸ್ತಿ ತಿಂದ ಹಸುವಿನ ಸಗಣಿ ಗಟ್ಟಿ. ಅದು 1ಕ್ಕೆ 5ರಂತೆ ನಿಂತರೆ ಅದೇ 150 ಲೀಟರ್ 14 ಸೆಂಟಿಮೀಟರ್ ಎತ್ತರಕ್ಕೆ ಹೋಗುತ್ತದೆ, ಆದರೆ ಹರಡುವುದು 70 ಸೆಂಟಿಮೀಟರ್ ಮಾತ್ರ. ಮುಂದಿನ ಸಲ ಫಾರ್ಮ್‌ಗೆ ಟೇಪು ಒಯ್ಯುತ್ತೇನೆ. ಬ್ಲೇಡ್ ಓಣಿಯ ಕೊನೆ ಮುಟ್ಟುವ ಮುಂಚೆ ಒಂದು ನಿಮಿಷ ನಿಲ್ಲಿಸಿ, ಎತ್ತರ, ಉದ್ದ ಎರಡೂ ಅಳೆಯಬೇಕು.