ಅಜ್ಜಿಯ ಪುಡಿ ಮತ್ತು ಮಲಗಿದ ಗ್ರಂಥಿ

ಮಂಡ್ಯ ಹತ್ತಿರದ ಒಂದು ಹಳ್ಳಿಯ ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದುಕೊಂಡು ಮೈಸೂರಿನ ನಮ್ಮ ಆಸ್ಪತ್ರೆಗೆ ಬಂದಿದ್ದರು. ಮಾರನೆಯ ದಿನ ಬೆಳಗ್ಗೆ ಆಪರೇಷನ್. ಅರಿವಳಿಕೆ ಕೊಡಬೇಕಾದವಳು ನಾನು. ಹಿಂದಿನ ಸಂಜೆ ವಾರ್ಡಿಗೆ ಹೋಗಿ ಮಾತಾಡಿಸಿದೆ. ಬಿಪಿ ಇಲ್ಲ, ಶುಗರ್ ಇಲ್ಲ. "ದಿನಾ ಏನಾದ್ರೂ ಮಾತ್ರೆ ತಗೋತೀರಾ ಅಜ್ಜಿ?"

"ಮಾತ್ರೆಗೀತ್ರೆ ಏನೂ ನುಂಗಾಕಿಲ್ಲ ಕಣವ್ವ."

ಆದರೂ ನನಗೆ ಅನುಮಾನ. ಕೈಕಾಲು ಸಣ್ಣ ಕಡ್ಡಿ, ಮುಖ ಮಾತ್ರ ದುಂಡಗೆ ಊದಿಕೊಂಡಿದೆ. ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಅಲ್ಲಲ್ಲಿ ನೇರಳೆ ಕಲೆ. "ಮಂಡಿನೋವಿಗೆ ಏನು ಮಾಡ್ತೀರಿ?" ಅಂತ ಕೇಳಿದೆ. ಆಗ ಎಲೆಅಡಿಕೆ ಚೀಲದಿಂದ ಒಂದು ಪೊಟ್ಟಣ ಹೊರಗೆ ಬಂತು. ಒಳಗೆ ಬೂದುಬಣ್ಣದ ಪುಡಿ.

"ಇದು ಔಸ್ದಿ ಅಲ್ಲ ಕಣವ್ವ, ನಾರುಬೇರು. ಎಲ್ಡು ವರ್ಸದಿಂದ ತಿಂತಾ ಇವ್ನಿ. ತಿಂದ್ರೆ ಗದ್ದೆ ತಾವ ಹೋಗಿ ಬತ್ತೀನಿ. ಬಿಟ್ರೆ ಏಳಾಕೇ ಆಗಾಕಿಲ್ಲ."

ಬಿದ್ದ ದಿನದಿಂದ ಪುಡಿ ನಿಂತಿತ್ತು. ಅಂದರೆ ಎರಡು ದಿನ.

ಕೀಲುನೋವಿಗೆ ಅಂತ ಮಾರುವ ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಬೆರೆಸಿರುವುದು ನಮ್ಮ ದೇಶದಲ್ಲಿ ಪರೀಕ್ಷೆ ಮಾಡಿದಾಗ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎರಡೂ ಸ್ಟೆರಾಯ್ಡ್‌ಗಳು. "ತಿಂದ್ರೆ ನಡೀತೀನಿ, ಬಿಟ್ರೆ ಏಳಕ್ಕಾಗಲ್ಲ" ಅನ್ನುವ ಆ ಒಂದೇ ಮಾತು ನನಗೆ ಸಾಕಾಗಿತ್ತು.

ನಮ್ಮ ಎರಡು ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಚಿಕ್ಕ ಗ್ರಂಥಿ ಕೂತಿರುತ್ತದೆ. ಹೆಸರು ಅಡ್ರಿನಲ್. ತೂಕ ಒಂದೊಂದೂ 4–5 ಗ್ರಾಂ, ಅಷ್ಟೇ. ಇದರ ಒಳತಿರುಳು ಅಡ್ರಿನಲಿನ್ ಮಾಡುತ್ತದೆ. ಹೊರಗಿನ ಪದರ ಕಾರ್ಟಿಸಾಲ್ ಮಾಡುತ್ತದೆ. ಸ್ಟೆರಾಯ್ಡ್ ಅಂದಕೂಡಲೇ ನಾವು ಬೆಚ್ಚುತ್ತೇವೆ, ಅಲ್ವಾ? ಆದರೆ ಕಾರ್ಟಿಸಾಲ್ ಕೂಡ ಸ್ಟೆರಾಯ್ಡೇ. ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂನಷ್ಟು ನಮ್ಮ ಮೈಯೇ ಅದನ್ನು ಮಾಡಿಕೊಳ್ಳುತ್ತದೆ. ಕೋಳಿ ಕೂಗುವ ಮುಂಚೆ ಏರಲು ಶುರುವಾಗಿ, ಬೆಳಗ್ಗೆ 8ರ ಹೊತ್ತಿಗೆ ರಕ್ತದಲ್ಲಿ ತುಂಬಿರುತ್ತದೆ. ನಡುರಾತ್ರಿಗೆ ತಳ ಮುಟ್ಟುತ್ತದೆ.

ಇದನ್ನು ಮೊದಲೇ ಮಾಡಿ ಕೂಡಿಡಲು ಗ್ರಂಥಿಯಲ್ಲಿ ಜಾಗವಿಲ್ಲ. ಬೇಕಾದಾಗ, ಬೇಕಾದಷ್ಟು, ಕೊಲೆಸ್ಟರಾಲ್‌ನಿಂದ ಆಗಿಂದಾಗಲೇ ಮಾಡಬೇಕು. ಎಷ್ಟು ಬೇಕು ಅನ್ನುವ ಲೆಕ್ಕ ಮೆದುಳಿನದು. ಮೆದುಳಿನ ಒಂದು ಭಾಗವಾದ ಹೈಪೋಥಾಲಮಸ್, ಅದರ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ. ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಬಂದು ತಟ್ಟಿದರೆ ಅಡ್ರಿನಲ್ ಕೆಲಸ ಮಾಡುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಿದೆ ಅಂತ ಗೊತ್ತಾದರೆ ಮೆದುಳು ಸುಮ್ಮನಾಗುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ಹೊರಗಿನಿಂದ ಬಂದ ಸ್ಟೆರಾಯ್ಡನ್ನೂ ಮೆದುಳು ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಅಜ್ಜಿಗೆ ನಾನು ಅವರ ಗದ್ದೆಯ ಮಾತಲ್ಲೇ ಹೇಳಿದೆ. ವಿ.ಸಿ. ನಾಲೆಯಲ್ಲಿ ನೀರು ಬರುತ್ತಿದ್ದರೆ ನಿಮ್ಮ ಬೋರ್‌ವೆಲ್ ಮೋಟಾರು ಯಾರು ಹಾಕುತ್ತಾರೆ? ವರ್ಷಗಟ್ಟಲೆ ಹಾಕದಿದ್ದರೆ ಮೋಟಾರು ಜಾಮ್ ಆಗುತ್ತದೆ. ಒಂದು ದಿನ ನಾಲೆ ನಿಲ್ಲಿಸಿಬಿಟ್ಟರು ಅನ್ನಿ. ಅವತ್ತೇ ಓಡಿಹೋಗಿ ಸ್ವಿಚ್ ಒತ್ತಿದರೆ ಅದು ತಿರುಗುತ್ತದಾ? ಎಸಿಟಿಎಚ್ ಬಂದು ತಟ್ಟದಿದ್ದರೆ ಅಡ್ರಿನಲ್‌ನಲ್ಲಿ ಕಾರ್ಟಿಸಾಲ್ ಮಾಡುವ ಪದರ ನಿಜವಾಗಿಯೂ ಸೊರಗಿ, ತೆಳ್ಳಗಾಗಿಬಿಡುತ್ತದೆ. ಪ್ರೆಡ್ನಿಸೋಲೋನ್ ದಿನಕ್ಕೆ 5 ಮಿಲಿಗ್ರಾಂಗಿಂತ ಜಾಸ್ತಿ, ಮೂರ್ನಾಲ್ಕು ವಾರ ಮೀರಿ ತಗೊಂಡವರಲ್ಲಿ ಇದಾಗಿರಬಹುದು ಅಂತಲೇ ನಾವು ನೋಡಬೇಕು. ಮತ್ತೆ ಚೇತರಿಸಿಕೊಳ್ಳಲು ಕೆಲವರಿಗೆ ವಾರಗಳು ಸಾಕು. ಕೆಲವರಿಗೆ ವರ್ಷ ಬೇಕು.

ಆಪರೇಷನ್ ಅನ್ನುವುದು ನಾಲೆ ನಿಂತ ದಿನವೇ ಪೈರಿಗೆ ಐದು ಪಟ್ಟು ನೀರು ಬೇಕಾದ ಹಾಗೆ. ನಾವು ಅರಿವಳಿಕೆ ಕೊಟ್ಟು ನೋವು ಗೊತ್ತಾಗದಂತೆ ಮಾಡಿದರೂ, ಕೊಯ್ದ ಗಾಯ ಗಾಯವೇ ತಾನೆ? ದೊಡ್ಡ ಆಪರೇಷನ್ ಆದ ದಿನ ಆರೋಗ್ಯವಂತರ ಅಡ್ರಿನಲ್ 75ರಿಂದ 150 ಮಿಲಿಗ್ರಾಂವರೆಗೂ ಕಾರ್ಟಿಸಾಲ್ ಸುರಿಸುತ್ತದೆ. ರಕ್ತನಾಳಗಳು ಬಿಗಿಯಾಗಿ ನಿಂತು ಬಿಪಿ ಉಳಿಸಬೇಕಾದರೆ ಅಡ್ರಿನಲಿನ್ ಹೇಳಿದ್ದನ್ನು ಅವು ಕೇಳಬೇಕು. ಕಾರ್ಟಿಸಾಲ್ ಇಲ್ಲದಿದ್ದರೆ ಕೇಳುವುದಿಲ್ಲ. ಡ್ರಿಪ್ ಮೇಲೆ ಡ್ರಿಪ್ ಹಾಕಿದರೂ, ಬಿಪಿ ಏರಿಸುವ ಔಷಧಿ ಕೊಟ್ಟರೂ ಬಿಪಿ ಇಳಿಯುತ್ತಲೇ ಹೋಗುತ್ತದೆ. ಕಾರಣ ಹೊಳೆಯದಿದ್ದರೆ ಜೀವ ಹೋಗುತ್ತದೆ.

ಈ ಗ್ರಂಥಿ ಕೆಟ್ಟರೆ ಮನುಷ್ಯ ಬದುಕಲಾರ ಅಂತ ಮೊದಲು ತೋರಿಸಿಕೊಟ್ಟವನು ಲಂಡನ್ನಿನ ಥಾಮಸ್ ಅಡಿಸನ್, 1855ರಲ್ಲಿ. ಅವನು ನೋಡಿದ ರೋಗಿಗಳು ದಿನದಿನಕ್ಕೆ ಬಡವಾಗಿ, ಬಲಗುಂದಿ, ಚರ್ಮ ಕಪ್ಪಾಗಿ ಸತ್ತಿದ್ದರು. ಅವರಲ್ಲಿ ಹಲವರ ಅಡ್ರಿನಲ್ ಗ್ರಂಥಿಗಳನ್ನು ಕ್ಷಯ ತಿಂದುಹಾಕಿತ್ತು. ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ 1921ರಲ್ಲಿ ಶುರುವಾದ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ, ನಾವೆಲ್ಲ ಪಿಕೆಟಿಬಿ ಅನ್ನುವುದು, ಅದರ ಮುಂದೆ ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಕ್ಷಯ ಅಂದರೆ ಬರೀ ಕೆಮ್ಮು ಅಂದುಕೊಳ್ಳುತ್ತೇವೆ. ನಮ್ಮ ದೇಶದಲ್ಲಿ ಇವತ್ತಿಗೂ ಅಡ್ರಿನಲ್ ಕೆಡಲು ಅದೂ ಒಂದು ಕಾರಣ. ಅಜ್ಜಿಯ ಕಥೆ ಬೇರೆ. ಅಡಿಸನ್ ರೋಗದಲ್ಲಿ ಪಿಟ್ಯುಟರಿ ಕೂಗಿ ಕೂಗಿ ಎಸಿಟಿಎಚ್ ಉಕ್ಕುತ್ತದೆ, ಅದರಿಂದಲೇ ಚರ್ಮ ಕಪ್ಪಾಗುವುದು. ಅಜ್ಜಿಯಲ್ಲಿ ಪಿಟ್ಯುಟರಿಯೇ ಸುಮ್ಮನಾಗಿತ್ತು. ಹಾಗಾಗಿ ಚರ್ಮದ ಬಣ್ಣ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ.

ಸ್ಟೆರಾಯ್ಡ್ ಔಷಧಿಯಾದ ಕಥೆ ಕೀಲುನೋವಿನಿಂದಲೇ ಶುರುವಾಗುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಒಂದು ವಿಷಯ ಗಮನಿಸಿದ್ದ. ಕೀಲುವಾತ ಇದ್ದವರಿಗೆ ಕಾಮಾಲೆ ಬಂದಾಗ, ಹೆಂಗಸರು ಬಸುರಾದಾಗ, ಕೀಲುನೋವು ತಾನಾಗಿ ಇಳಿಯುತ್ತಿತ್ತು. ಮೈಯೊಳಗೇ ಏನೋ ಒಂದು ಔಷಧಿ ಹುಟ್ಟುತ್ತಿದೆ ಅಂತ ಅವನಿಗೆ ಅನಿಸಿತು. ಅವನ ಜೊತೆಗಾರ ಎಡ್ವರ್ಡ್ ಕೆಂಡಾಲ್ ಅಡ್ರಿನಲ್‌ನಿಂದ ಬೇರ್ಪಡಿಸಿದ್ದ ಒಂದು ವಸ್ತುವನ್ನು, ಮುಂದೆ ಕಾರ್ಟಿಸೋನ್ ಅಂತ ಹೆಸರಾದದ್ದನ್ನು, 1948ರ ಸೆಪ್ಟೆಂಬರ್‌ನಲ್ಲಿ 29 ವರ್ಷದ ಹೆಂಗಸೊಬ್ಬಳಿಗೆ ಕೊಟ್ಟರು. ಹಾಸಿಗೆಯಿಂದ ಏಳಲು ಕಷ್ಟಪಡುತ್ತಿದ್ದವಳು ಕೆಲವೇ ದಿನದಲ್ಲಿ ಎದ್ದು ಓಡಾಡಿದಳು. ಎರಡೇ ವರ್ಷದಲ್ಲಿ, 1950ಕ್ಕೆ, ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್‌ಗೆ ನೊಬೆಲ್ ಬಂತು.

ಅದಾಗಿ ಎರಡು ವರ್ಷಕ್ಕೆ ಇನ್ನೊಂದು ಸುದ್ದಿ. ಕೀಲುವಾತಕ್ಕೆ ಎಂಟು ತಿಂಗಳು ಕಾರ್ಟಿಸೋನ್ ತಗೊಂಡಿದ್ದ 34 ವರ್ಷದ ಗಂಡಸೊಬ್ಬನಿಗೆ ಆಪರೇಷನ್ ಆಯಿತು. ಅದೂ ಸೊಂಟದ ಕೀಲಿಗೇ. ಆಪರೇಷನ್‌ಗೆ ಮುಂಚೆ ಔಷಧಿ ನಿಲ್ಲಿಸಿದ್ದರು. ಆಪರೇಷನ್ ಮುಗಿದ ಕೆಲವೇ ಗಂಟೆಗಳಲ್ಲಿ ಬಿಪಿ ಬಿದ್ದು, ಏನು ಮಾಡಿದರೂ ಏಳದೆ, ಅವನು ತೀರಿಕೊಂಡ. ಆಮೇಲೆ ನೋಡಿದರೆ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು. 1952ರಲ್ಲಿ ಅಚ್ಚಾದ ಈ ವರದಿ ಓದಿದಾಗ ನಾನಿನ್ನೂ ಪಿಜಿ ವಿದ್ಯಾರ್ಥಿನಿ. ಇವತ್ತಿಗೂ ಮರೆತಿಲ್ಲ.

ವೈದ್ಯರು ಹೆದರಿದರು. ಹೆದರಿಕೆಯಲ್ಲಿ ಡೋಸ್ ಏರಿಸಿದರು. ದಿನಕ್ಕೆ 300 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ (ಔಷಧಿ ರೂಪದ ಕಾರ್ಟಿಸಾಲ್), ಹಲವು ದಿನ. ಇದು ನಮ್ಮ ಕಾಯಿಸಿದ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುವ ಕಥೆ. ಯಾಕೆಂದರೆ ಜಾಸ್ತಿ ದಿನ ಕೊಟ್ಟರೆ ಗಾಯ ಮಾಯುವುದು ತಡ, ಸೋಂಕು ಬೇಗ, ಶುಗರ್ ಏರುತ್ತದೆ. ಹಾಗಾದರೆ ನಿಜವಾಗಿ ಎಷ್ಟು ಬೇಕು?

ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು 1986ರ ಒಂದು ಪ್ರಯೋಗದಲ್ಲಿ. ಅಡ್ರಿನಲ್ ತೆಗೆದ ಕೋತಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಮೈಗೆ ಸಹಜವಾಗಿ ಬೇಕಾದಷ್ಟು ಕಾರ್ಟಿಸಾಲ್, ಇನ್ನೊಂದಕ್ಕೆ ಅದರ ಹತ್ತು ಪಟ್ಟು, ಮತ್ತೊಂದಕ್ಕೆ ಹತ್ತನೇ ಒಂದು ಪಾಲು. ಆಮೇಲೆ ಪಿತ್ತಕೋಶದ ಆಪರೇಷನ್. ಸಹಜ ಪ್ರಮಾಣದವು, ಹತ್ತು ಪಟ್ಟಿನವು ಎರಡೂ ಒಂದೇ ರೀತಿ ತಡೆದುಕೊಂಡವು. ಹತ್ತನೇ ಒಂದು ಪಾಲು ಸಿಕ್ಕ ಗುಂಪಿನಲ್ಲಿ ಬಿಪಿ ಬಿದ್ದು ಸತ್ತದ್ದು ಹೆಚ್ಚು. ಕೋತಿಗಳ ಆ ಸಂಕಟ ನೆನೆದರೆ ನನಗೆ ಬೇಜಾರಾಗುತ್ತದೆ. ಆದರೆ ಅದರಿಂದ ತಿಳಿದದ್ದು ದೊಡ್ಡದು. ಕೊರತೆಯಾದರೆ ಸಾವು, ವಿಪರೀತ ಜಾಸ್ತಿ ಕೊಟ್ಟರೆ ಲಾಭವಿಲ್ಲ. 1994ರ ಹೊತ್ತಿಗೆ ಅಮೆರಿಕದವರು ಡೋಸ್ ಇಳಿಸಿದರು. ಹರ್ನಿಯಾದಂಥ ಸಣ್ಣ ಆಪರೇಷನ್‌ಗೆ 25 ಮಿಲಿಗ್ರಾಂ, ದೊಡ್ಡದಕ್ಕೆ ದಿನಕ್ಕೆ 100ರಿಂದ 150, ಅದೂ ಎರಡು ಮೂರು ದಿನ ಮಾತ್ರ. ಬ್ರಿಟನ್ನಿನ ಅರಿವಳಿಕೆ ತಜ್ಞರು 2020ರಲ್ಲಿ ಶುರುವಿಗೇ 100 ಮಿಲಿಗ್ರಾಂ, ಆಮೇಲೆ 24 ಗಂಟೆಯಲ್ಲಿ ಡ್ರಿಪ್ ಮೂಲಕ 200 ಅಂದರು. ಎರಡು ಕಡೆಯವರೂ ಒಪ್ಪುವ ಮಾತು ಒಂದಿದೆ. ರೋಗಿ ದಿನಾ ತಗೊಳ್ಳುವ ಸ್ಟೆರಾಯ್ಡನ್ನು ಆಪರೇಷನ್ ದಿನ ತಪ್ಪಿಸಲೇಬಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಅನುಮಾನ ಬಂದರೆ ಕೊಟ್ಟುಬಿಡುತ್ತೇನೆ. ಒಂದು ದಿನದ ಹೈಡ್ರೋಕಾರ್ಟಿಸೋನ್‌ನಿಂದ ಆಗುವ ಕೆಡುಕು ಸಣ್ಣದು.

ಜಾನ್ ಎಫ್. ಕೆನಡಿಗೂ ಅಡಿಸನ್ ರೋಗವಿತ್ತು. ಅವರು ಅಧ್ಯಕ್ಷರಾಗುವ ಮುಂಚೆ, 1954ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಬೆನ್ನಿಗೆ ಆಪರೇಷನ್ ಮಾಡಿಸಿಕೊಂಡರು. ಸ್ಟೆರಾಯ್ಡ್ ರಕ್ಷಣೆಯಲ್ಲೇ ಆಪರೇಷನ್ ಆಯಿತು. ಆಮೇಲೆ ಸೋಂಕಾಗಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಮಾರನೆಯ ವರ್ಷ ವೈದ್ಯರು ಈ ಪ್ರಕರಣವನ್ನು ಹೆಸರು ಹೇಳದೆ, "37 ವರ್ಷದ ಗಂಡಸು" ಅಂತಷ್ಟೇ ಬರೆದು ಪ್ರಕಟಿಸಿದರು.

ನಮ್ಮ ಅರಿವಳಿಕೆ ಟ್ರೇಯಲ್ಲೇ ಅಡ್ರಿನಲ್‌ಗೆ ಅಡ್ಡಬರುವ ಔಷಧಿಯೊಂದಿದೆ. ಎಟೋಮಿಡೇಟ್. ಹೃದಯ ದುರ್ಬಲವಾದವರಿಗೆ ಇದು ಒಳ್ಳೆಯದು, ಬಿಪಿ ಅಷ್ಟಾಗಿ ಬೀಳಿಸುವುದಿಲ್ಲ. ಆದರೆ ಕಾರ್ಟಿಸಾಲ್ ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಐಸಿಯುನಲ್ಲಿ ದಿನಗಟ್ಟಲೆ ಇದನ್ನು ಕೊಟ್ಟಲ್ಲಿ ಸಾವು ಜಾಸ್ತಿಯಾದದ್ದು 1983ರಲ್ಲಿ ಬೆಳಕಿಗೆ ಬಂತು. ಅಜ್ಜಿಯಂಥವರಿಗೆ ನಾನು ಇದನ್ನು ಮುಟ್ಟುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಹೆದರಿಸಿದ ಹಾಗಾಗುತ್ತದೆ. ಆಪರೇಷನ್ ಆದಮೇಲೆ ವಾಂತಿ ಬರದಿರಲಿ ಅಂತ ನಾವು ಒಂದೇ ಒಂದು ಸಲ ಡೆಕ್ಸಾಮೆಥಾಸೋನ್ ಕೊಡುತ್ತೇವೆ. 8,880 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದರಿಂದ ಗಾಯದ ಸೋಂಕು ಹೆಚ್ಚಾಗಲಿಲ್ಲ. ಮೂಗಿಗೆ, ಉಬ್ಬಸಕ್ಕೆ ಹೇಳಿದಷ್ಟೇ ಪ್ರಮಾಣದಲ್ಲಿ ತಗೊಳ್ಳುವ ಸ್ಪ್ರೇ, ಪಂಪುಗಳಿಂದಲೂ ಹೆಚ್ಚಿನವರಿಗೆ ಅಡ್ರಿನಲ್ ಮಲಗುವುದಿಲ್ಲ. ಹೆದರಿ ನೀವೇ ನಿಲ್ಲಿಸಬೇಡಿ. ಆದರೆ ನಮಗೆ ಎಲ್ಲವನ್ನೂ ಹೇಳಿ. ಪುಡಿ, ಮಂಡಿಗೆ ಹಾಕಿಸಿದ ಇಂಜೆಕ್ಷನ್, ಮುಖಕ್ಕೆ ಹಚ್ಚುವ ಕ್ರೀಮು, ಕಳೆದ ವರ್ಷ ನಿಲ್ಲಿಸಿದ ಮಾತ್ರೆ, ಯಾವುದನ್ನೂ ಬಿಡಬೇಡಿ. ನಾವು ಬೈಯುವುದಿಲ್ಲ.

ಅಜ್ಜಿಗೆ ಬೆಳಗಿನ ಜಾವವೇ ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ತೆಗೆದೆವು. ಫಲಿತಾಂಶಕ್ಕೆ ಕಾಯಲಿಲ್ಲ. ಹೈಡ್ರೋಕಾರ್ಟಿಸೋನ್ ಕೊಟ್ಟೇ ಶುರು ಮಾಡಿದೆವು. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಬಿಪಿ ಸ್ವಲ್ಪ ಇಳಿದು ಮತ್ತೆ ಸರಿಹೋಯಿತು. ಮಧ್ಯಾಹ್ನ ರಿಪೋರ್ಟ್ ಬಂತು. ಮೂಳೆ ಮುರಿದ ಅಂಥ ನೋವಿನಲ್ಲಿ ಡೆಸಿಲೀಟರ್‌ಗೆ 20 ಮೈಕ್ರೋಗ್ರಾಂ ದಾಟಿರಬೇಕಾದ ಕಾರ್ಟಿಸಾಲ್ 2 ಕೂಡ ಇರಲಿಲ್ಲ. ಆ ಕಾಗದ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಮಂಡಿನೋವಿನ ಮಾತೆತ್ತದೆ ಇದ್ದಿದ್ದರೆ ಅಂತ ಅನಿಸಿತು. ಮೂಳೆ ಅಷ್ಟು ಸುಲಭಕ್ಕೆ ಮುರಿಯಲೂ ಬಹುಶಃ ಆ ಪುಡಿಯ ಪಾಲಿದೆ. ಸ್ಟೆರಾಯ್ಡ್ ಮೂಳೆಯನ್ನೂ ಸವೆಸುತ್ತದೆ.

ಪುಡಿ ನಿಲ್ಲಿಸಿದೆವು. ಅದರ ಬದಲು ಲೆಕ್ಕದ ಸ್ಟೆರಾಯ್ಡ್ ಮಾತ್ರೆ, ನಿಧಾನವಾಗಿ ಇಳಿಸುತ್ತಾ. ಜ್ವರ ಬಂದರೆ ಎರಡು ಪಟ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಬಂದು ಇಂಜೆಕ್ಷನ್ ಅಂತ ಒಂದು ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಟ್ಟೆವು. ನಾಲ್ಕು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಬೆಳಗ್ಗೆ 8ಕ್ಕೇ ರಕ್ತ ಕೊಡಬೇಕು, ಕೊಡುವ ತನಕ ಅವತ್ತಿನ ಮಾತ್ರೆ ನುಂಗುವ ಹಾಗಿಲ್ಲ. ಊರಿನ ಮೊದಲ ಬಸ್ಸಿಗೆ ಬಂದರೂ ಹೊತ್ತಾಗುತ್ತದೆ ಅಂತ ಹಿಂದಿನ ರಾತ್ರಿಯೇ ಮೈಸೂರಿನ ಮಗಳ ಮನೆಗೆ ಬಂದು ಮಲಗಿದ್ದರು. ಮುಖದ ಊತ ಇಳಿದಿತ್ತು. ಊರುಗೋಲು ಹಿಡಿದು ತಾವೇ ನಡೆದು ಬಂದರು. ರಿಪೋರ್ಟ್‌ನಲ್ಲಿ 7 ಅಂತ ಇತ್ತು. 10 ದಾಟಿದ್ದರೆ ಮಾತ್ರೆ ನಿಲ್ಲಿಸಬಹುದಿತ್ತು.

"ಇನ್ನೂ ಎದ್ದಿಲ್ವೇನವ್ವ ಅದು?" ಅಂದರು.

"ಅರ್ಧ ಎದ್ದಿದೆ ಅಜ್ಜಿ," ಅಂದೆ. ಇನ್ನೆರಡು ತಿಂಗಳು ಬಿಟ್ಟು ಬರುವ ತಾರೀಖನ್ನು ಚೀಟಿಯ ಮೇಲೆ ಬರೆದುಕೊಟ್ಟೆ.